ಸುರ್ಮಾಯಿ ಚೀಟಿ

ನಾಲ್ಕು ವರ್ಷದ ಬನಶಂಕರಿಯ ಗಂಟಲಿನಿಂದ ಡಾಕ್ಟರರು ಚಿಮಟದಲ್ಲಿ ಹಿಡಿದು ತೆಗೆದದ್ದು ಒಂದು ಮೀನಿನ ಮುಳ್ಳು. ಅದರ ತುದಿ ಕವಲೊಡೆದಿತ್ತು. ಕೂಸು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಎದೆ ಗೊರಗೊರ ಅನ್ನುತ್ತಿತ್ತು.

ಡಾಕ್ಟರರು ಕರೆಸಿದ್ದ ಬಾಗಲಕೋಟೆಯ ಆಹಾರ ಇನ್ಸ್‌ಪೆಕ್ಟರ್ ಪಂಢರೀನಾಥರು ಮುಳ್ಳನ್ನು ಬೆಳಕಿಗೆ ಹಿಡಿದರು. ಅವರದು ಮೀನು ಮುಟ್ಟದ ಮನೆತನ. ಆದರೆ ಹಿಂದೆ ಕಾರವಾರದ ಬಂದರಿನಲ್ಲಿ ನೌಕರಿ ಮಾಡಿದ್ದರಿಂದ ಮೀನಿನ ಜಾತಿಗಳು ಗೊತ್ತಿದ್ದವು.

"ಯಾವ ಮೀನವಾ ಇದು?"

"ಸುರ್ಮಾಯಿರಿ ಸಾಹೇಬ್ರ, ಕಾರವಾರದ ಕಡಲಿನ ಉಪ್ಪುಮೀನ. ಅಬ್ದುಲಸಾಬನ ಅಂಗಡ್ಯಾಗ ತಂದಿದ್ನಿ," ಎಂದಳು ಅಜ್ಜಿ ರಂಗವ್ವ. "ಸುರ್ಮಾಯಿಗೆ ಸಣ್ಣ ಮುಳ್ಳ ಇರೂದಿಲ್ಲಂತ ಹಂಗ ತುತ್ತ ಮಾಡಿ ಕೊಟ್ನಿರಿ... ನನ್ನ ಕೈಯಾರೆ!"

ಪಂಢರೀನಾಥರು ಮುಳ್ಳನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. ಕವಲು ಮುಳ್ಳು ಸುರ್ಮಾಯಿಗೆ ಇರುವುದೇ ಇಲ್ಲ. ಇದು ಹೊಳೆಮೀನು!

ಅವರು ಸಂತೆಪೇಟೆ ಮುಟ್ಟುವಷ್ಟರಲ್ಲಿ ಅಬ್ದುಲಸಾಬನ ಅಂಗಡಿಯ ಮುಂದೆ ಜನ ಕಲ್ಲು ಹಿಡಿದು ನಿಂತಿದ್ದರು. ಪೊಲೀಸನ ಕೈ ಆಗಲೇ ಅವನ ಹೆಗಲ ಮೇಲಿತ್ತು. ಅದು ೧೯೫೭. ಹೊಸ ಕಾಯಿದೆ ಬಂದು ಬಹಳ ದಿನ ಆಗಿರಲಿಲ್ಲ — ಒಂದು ತಿನಿಸಿಗೆ ಇನ್ನೊಂದರ ಹೆಸರಿಟ್ಟು ಮಾರಿದರೆ ವರ್ಷದ ತನಕ ಜೈಲು.

"ಅಲ್ಲಾನ ಆಣಿ ಸಾಹೇಬ್ರ, ಬುಟ್ಟಿ ಹ್ಯಾಂಗ ಬಂತೋ ಹಂಗ ಮಾರೇನಿ!"

"ಯಾರು ಕಳಿಸಿದ್ದು?"

"ಟೇಶನ್ ಹತ್ರದ ಸಗಟು ವ್ಯಾಪಾರಿ ಲಕ್ಷ್ಮಪ್ಪ. ತಂದು ಇಳಿಸಿದಾಂವ ಚಕ್ಕಡಿ ನಜೀರಸಾಬ."

ನಜೀರಸಾಬನನ್ನು ಕರೆಸಿದರು. "ದಾರ್ಯಾಗ ಎಲ್ಲಾದ್ರೂ ನಿಂತಿದ್ದೇನು?"

"ಇಲ್ರಿ."

"ಖರೆ ಹೇಳು!"

"ಎತ್ತಿಗೆ ನೀರ ಕುಡಿಸಾಕ ನಿಂತಿದ್ನಿರಿ... ಬುಟ್ಟಿ ಮುಟ್ಟಿಲ್ಲ."

ಜನ ಗುಜುಗುಜು ಎಂದರು. ಅಷ್ಟರಲ್ಲಿ ಲಕ್ಷ್ಮಪ್ಪ ತಾನಾಗಿಯೇ ಬಂದ. ಇಸ್ತ್ರಿ ಅಂಗಿ, ಬಾಯಲ್ಲಿ ಎಲೆಯಡಿಕೆ.

"ಸುರ್ಮಾಯಿ ತುಂಬಿ, ಹುರಿ ಬಿಗದು, ಗಂಟಿನ ಮ್ಯಾಲ ನನ್ನ ಕೈಲೇ ಚೀಟಿ ಅಂಟಿಸೇನ್ರಿ. ಆಮ್ಯಾಲ ಇವರಿಬ್ರೂ ಏನ ಮಾಡ್ಯಾರೋ, ಯಾರಿಗ ಗೊತ್ತ?"

ಪೊಲೀಸ ಅಬ್ದುಲಸಾಬನನ್ನು ಎಳೆದ.

"ತಡಿ," ಎಂದರು ಪಂಢರೀನಾಥರು. "ಬುಟ್ಟಿ ಎಲ್ಲಿ?"

ಖಾಲಿ ಬುಟ್ಟಿ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಅಬ್ದುಲಸಾಬ ಹುರಿಯನ್ನು ಪಕ್ಕದಲ್ಲಿ ಕೊಯ್ದಿದ್ದ. ಗಂಟೂ, ಅದರ ಮೇಲಿನ ಚೀಟಿಯೂ ಇದ್ದ ಹಾಗೇ ಇದ್ದವು. ಪಂಢರೀನಾಥರು ಚೀಟಿಗೆ ನೀರು ಸವರಿದರು. ಮೆಲ್ಲಗೆ ಬಿಡಿಸಿದರು. ಹಿಂಬದಿ ತಿರುಗಿಸಿ ನೋಡಿದರು.

"ಲಕ್ಷ್ಮಪ್ಪ, ಇದು ನೀವ ಅಂಟಿಸಿದ್ದ ಚೀಟಿ ಹೌದಲ್ಲೋ?"

"ಹೌದ್ರಿ. ನನ್ನ ಸಹಿ ಐತಿ."

"ನಡುವ ಯಾರೂ ಕಿತ್ತಿಲ್ಲ?"

"ಕಿತ್ತಿದ್ರ ಹರೀತಿದ್ದಿಲ್ಲೇನ್ರಿ?"

"ಹಂಗಾರ ಇದು ಒಳಗ ಹ್ಯಾಂಗ ಬಂತು?"

ಚೀಟಿಯ ಹಿಂದೆ, ಅಂಟಿನಲ್ಲಿ ಹೂತುಕೊಂಡು, ಹೆಬ್ಬೆರಳ ಉಗುರಿನಷ್ಟಗಲದ ಮೀನಿನ ಹುರುಪೆಯೊಂದು ಹೊಳೆಯುತ್ತಿತ್ತು.

"ಸುರ್ಮಾಯಿ ಮೈ ನುಣುಪು. ಇಂಥಾ ಹುರುಪಿ ಹೊಳಿಮೀನಿಗೇ ಇರೂದು. ನೀವು ಹುರುಪಿ ಕೆರೆದ್ರಿ, ತೊಗಲು ಸುಲಿದ್ರಿ, ಗುರುತು ಸಿಗಧಂಗ ತುಂಡು ಮಾಡಿ ಉಪ್ಪು ಹಾಕಿದ್ರಿ. ಒಂದು ಹುರುಪಿ ಕೈಗೆ ಅಂಟಿಕೊಂಡು ಉಳೀತು. ದಾರ್ಯಾಗಾಗಲಿ, ಅಂಗಡ್ಯಾಗಾಗಲಿ ಮೀನು ಬದಲಾಗಿದ್ರ, ಮೊದಲೇ ಅಂಟಿಸಿದ್ದ ಚೀಟಿ ಬುಡಕ ಇದು ಹೋಗೂದು ಸಾಧ್ಯನ ಇಲ್ಲ. ಮೋಸ ಮಾಡಿದವರು ನೀವು!"

ಪೊಲೀಸ ಅಬ್ದುಲಸಾಬನನ್ನು ಬಿಟ್ಟ. ಲಕ್ಷ್ಮಪ್ಪನ ಗೋದಾಮಿನ ಹಿತ್ತಲಲ್ಲಿ ಮಣ್ಣು ಕೆದರಿದಾಗ ಹೊಳೆಮೀನಿನ ತಲೆಗಳು ರಾಶಿ ರಾಶಿ ಸಿಕ್ಕವು.

"ವಿಷಾ ಏನ ಕೊಟ್ಟಿಲ್ಲಲ್ರಿ! ಮೀನಿಗೆ ಮೀನ ಕೊಟ್ಟೇನಿ. ಬರೇ ಒಂದ ಹೆಸರಿಗೆ ಜೈಲೇನ್ರಿ?"

"ಆ ಹೆಸರು ನಂಬಿ ಅಜ್ಜಿ ಮುಳ್ಳು ಹುಡುಕಲಿಲ್ಲ," ಎಂದರು ಪಂಢರೀನಾಥರು.

ಕೋರ್ಟು ಆರು ತಿಂಗಳ ಸಜೆ ಕೊಟ್ಟಿತು. ತೀರ್ಪಿನ ದಿನ ರಂಗವ್ವ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದಳು. ಬನಶಂಕರಿಯ ದನಿ ಇನ್ನೂ ಒಡಕಲಾಗಿತ್ತು. ಆದರೂ ಕೆಳಗಿಳಿಸು ಎಂದು ಕೋರ್ಟಿನ ಅಂಗಳ ತುಂಬ ಕೇಳುವ ಹಾಗೆ ರಚ್ಚೆ ಹಿಡಿದಿದ್ದಳು.