ಬದಲಿ ಡ್ಯೂಟಿ

ರಾಣಿ ಕಲ್ಯಾಣ ಮಂಟಪದೊಳಗೆ ಕಾಲಿಟ್ಟಾಗ ವಾಸು ಮೈಕ್ ಹಿಡಿದು ಎಲ್ಲರನ್ನೂ ನಗಿಸುತ್ತಿದ್ದ.

ಮುಖ ಕಾಣುವ ಮೊದಲೇ ದನಿ ಗುರುತು ಸಿಕ್ಕಿತು. ಹತ್ತು ವರ್ಷದಿಂದ ಕೇಳದ ದನಿ.

2009ರ ಜುಲೈ ತಿಂಗಳು. ಕಾರ್ಗಿಲ್ ಯುದ್ಧಕ್ಕೆ ಹತ್ತು ವರ್ಷ ತುಂಬಿತೆಂದು ಸುತ್ತಲಿನ ಮಾಜಿ ಸೈನಿಕರು ಯಲಹಂಕದಲ್ಲಿ ಸೇರಿದ್ದರು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಗೋಪಾಲಮ್ಮನಿಗೆ ಸನ್ಮಾನವಿತ್ತು. ಆಕೆ ಮಂಡಿ ನೋವಿನ ನೆಪ ಹೇಳಿ, "ಶಾಲು ಒದ್ಕೊಂಡ್ರೆ ಮಗ ಬತ್ತಾನಾ? ನೀನೇ ಓಗವ್ವಾ" ಎಂದು ಮಗಳು ರಾಣಿಯನ್ನು ಕಳಿಸಿದ್ದಳು.

"ಡ್ಯೂಟಿ ಇಲ್ದಾಗ ನಮ್ಮಂಥ ಮಿಲಿಟರಿ ಲಾರಿ ಡ್ರೈವರ್‌ಗಳಿಗೆ ಗಾಡೀನೇ ಮನೆ ಕಣ್ರೀ," ಎನ್ನುತ್ತಿದ್ದ ವಾಸು. "ಒದ್ದೆ ಸಾಕ್ಸು ಬಾನೆಟ್ ಮೇಲೆ ಒಣಗಾಕೋದು. ರೇಡಿಯೇಟರ್‌ನ ಬಿಸಿನೀರಲ್ಲಿ ಗಡ್ಡ ಕೆರ್ಕೊಳ್ಳೋದು. ನಮ್ಮ ಯಲ್ಲಪ್ಪ ಒಂದಿನ ಲಾರಿ ಮರೆಯಲ್ಲಿ ಸ್ಟವ್ ಹಚ್ಚಿ ಮುದ್ದೆ ತೊಳಸ್ದ. ಆ ಎತ್ತರದಲ್ಲಿ ಏನೂ ಬೇಯಲ್ಲ. ಪಂಜಾಬಿನವನೊಬ್ಬ ಕಚ್ಚಿ ನೋಡಿ, ಇದನ್ನ ಶತ್ರು ಮೇಲೆ ಎಸೀರಿ, ಯುದ್ಧ ನಾಳೆನೇ ಮುಗಿಯುತ್ತೆ ಅಂದ!"

ಸಭೆ ಗೊಳ್ಳೆಂದಿತು. ರಾಣಿ ಬಾಗಿಲ ಬಳಿಯೇ ನಿಂತಿದ್ದಳು. ಯಲ್ಲಪ್ಪ ಎಂದರೆ ಯುದ್ಧದಲ್ಲಿ ಹೋದ ಅವಳ ಅಣ್ಣ, ಮುನಿಯಲ್ಲಪ್ಪ. ಅವನ ಬಗ್ಗೆ ಅವಳಿಗೂ ಅಮ್ಮನಿಗೂ ಗೊತ್ತಿಲ್ಲದ್ದೊಂದನ್ನು ಇವನು ಊರಿಗೆಲ್ಲ ಹಂಚುತ್ತಿದ್ದಾನೆ. ಮನೆಗೆ ಬಂದು ಹೇಳಲು ಇವನಿಗೆ ಹತ್ತು ವರ್ಷ ಪುರುಸೊತ್ತಾಗಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಮೊಯಿನುದ್ದೀನ್ ಸಾಹೇಬರು, ಆಗ ಇಬ್ಬರಿಗೂ ಹವಲ್ದಾರ್ ಆಗಿದ್ದವರು, ಕಣ್ಣೊರೆಸಿಕೊಂಡು ಎದ್ದರು. "ಯಲ್ಲಪ್ಪ ಒಳ್ಳೆ ಹುಡ್ಗಾ. ಅವತ್ತು ಡ್ಯೂಟಿ ವಾಸುದು. ಸಾಬ್, ನಾನ್ ಹೋಗ್ತೀನಿ ಅಂತ ಅವನೇ ಬಂದ. ನಾನೇ ಹ್ಞೂಂ ಅಂದೆ. ದ್ರಾಸ್ ತಿರುವಲ್ಲಿ ಶೆಲ್ ಬಿತ್ತು."

ವಾಸುವಿನ ಕೈಯಲ್ಲಿದ್ದ ಮೈಕ್ ಕೆಳಗಿಳಿಯಿತು. ಆಗಲೇ ಅವನು ಬಾಗಿಲ ಕಡೆ ನೋಡಿದ್ದು.

ರಾಣಿ ಶಾಲಿಗೂ ಕಾಯದೆ ಹೊರಗೆ ನಡೆದಳು.

*

1998ರಲ್ಲಿ ಯಲ್ಲಪ್ಪ ರಜೆಗೆ ಬಂದಾಗ ಜೊತೆಗೆ ವಾಸುವನ್ನೂ ಅಮೃತಹಳ್ಳಿಯ ಮನೆಗೆ ಕರೆತಂದಿದ್ದ. "ನನ್ ಫ್ರೆಂಡು, ಚಿಕ್ಕಜಾಲದವ್ನು. ನನಗಿಂತ ಚೆನ್ನಾಗಿ ಗಾಡಿ ಓಡಿಸ್ತಾನೆ." ರಾಣಿಗೆ ಆಗ ಇಪ್ಪತ್ತೆರಡು.

ಯಾರದೋ ಹಳೇ ಜೀಪು ತಂದು ಜಕ್ಕೂರಿನ ಖಾಲಿ ರಸ್ತೆಯಲ್ಲಿ ಅವಳಿಗೆ ಡ್ರೈವಿಂಗ್ ಕಲಿಸಿದ್ದು ವಾಸುವೇ. ಯಲ್ಲಪ್ಪ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ.

"ಕ್ಲಚ್ ನಿಧಾನಕ್ಕೆ ಬಿಡಿ. ಕೋಳಿಮರಿ ಕಾಲ್ಕೆಳಗಿದೆ ಅನ್ಕೊಳ್ಳಿ."

"ನೀವು ನನ್ ಮುಖ ನೋಡ್ತಿದ್ರೆ ಹೆಂಗ್ರೀ ಬಿಡೋದು? ರಸ್ತೆ ನೋಡಿ."

"ರಸ್ತೆ ನೀವು ನೋಡ್ಬೇಕು ಮೇಡಂ. ನನ್ ಕೆಲ್ಸ ನಿಮ್ಮನ್ನ ನೋಡೋದು."

ಜೀಪು ಗಕ್ಕನೆ ನಿಂತಿತು. ಅವಳ ಕೆನ್ನೆ ಕಾದಿತ್ತು. ಅವನು ಕಿಟಕಿಯಾಚೆ ತಿರುಗಿ ನಗು ನುಂಗುತ್ತಿದ್ದ. ಕಿವಿ ಮಾತ್ರ ಕೆಂಪಾಗಿದ್ದನ್ನು ಅವಳು ನೋಡಿಬಿಟ್ಟಳು.

ಆಮೇಲೆ ಕಾಗದಗಳು. ಅಣ್ಣನಿಗೆ ತಿಳಿಯದಿರಲೆಂದು ಅವಳು 'ಸರಳಾ' ಎಂದು ಸಹಿ ಹಾಕುತ್ತಿದ್ದಳು. ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಯುದ್ಧ. ಆಗಸ್ಟ್ ತಿಂಗಳಲ್ಲೊಂದು ಬೆಳಿಗ್ಗೆ ವಾಸು ಅಣ್ಣನ ಕಪ್ಪು ಟ್ರಂಕು ಹೊತ್ತು ಬಂದ. ಜಗುಲಿಯ ಮೇಲಿಟ್ಟ. ಅಮ್ಮನ ಕಾಲು ಮುಟ್ಟಿದ. ಬಾಗಿಲಿಗೊರಗಿ ನಿಂತಿದ್ದ ರಾಣಿಯತ್ತ ಒಮ್ಮೆಯೂ ತಿರುಗಲಿಲ್ಲ. ನೀರೂ ಕುಡಿಯದೆ ಹೊರಟುಹೋದ. ಅವಳು ಆರು ಕಾಗದ ಬರೆದಳು. ಒಂದಕ್ಕೂ ಉತ್ತರ ಬರಲಿಲ್ಲ.

ಅಳು ಒಂದು ವರ್ಷಕ್ಕೆ ನಿಂತಿತು. ಸಿಟ್ಟು ನಿಲ್ಲಲಿಲ್ಲ. ನೋಡಲು ಬಂದ ಗಂಡುಗಳೆಲ್ಲ ಆ ಸಿಟ್ಟಿನ ಮುಖ ನೋಡಿಯೇ ಎದ್ದು ಹೋದರು. ಅವಳು ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡು ಹೆಂಗಸರಿಗಾಗಿ ಡ್ರೈವಿಂಗ್ ಸ್ಕೂಲ್ ತೆರೆದಳು.

*

"ರಾಣಿ! ಒಂದ್ನಿಮಿಷ..."

ಪಾರ್ಕಿಂಗ್‌ನಲ್ಲಿ, ಎಲ್ ಬೋರ್ಡ್ ಹಾಕಿದ ಆ ಕಾರಿನ ಬಾಗಿಲು ತೆಗೆಯುತ್ತಿದ್ದವಳು ತಿರುಗಿದಳು. ಅವನ ಕಿವಿಯ ಬಳಿ ಕೂದಲು ನರೆತಿತ್ತು. ಅದಕ್ಕೂ ಅವಳಿಗೆ ಕೋಪ ಬಂತು. ಅವಳ ಕಣ್ಣೆದುರು ನರೆಯಬೇಕಾದ ಕೂದಲು ಎಲ್ಲೋ ನರೆತು ಬಂದಿದೆ.

"ನಮಸ್ಕಾರ. ಚೆನ್ನಾಗಿದ್ದೀರಾ?" ಎಂದಳು ತಣ್ಣಗೆ. "ಭಾಷಣ ಬೊಂಬಾಟಾಗಿತ್ತು. ಜನ ನಕ್ಕೂ ನಕ್ಕೂ ಸುಸ್ತಾದ್ರು."

"ನೀನು ಬರ್ತೀಯ ಅಂತ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ ಓಡೋಗ್ತಿದ್ರಿ. ಅದು ನಿಮ್ಗೆ ಅಭ್ಯಾಸ."

ಅವನು ತಲೆ ತಗ್ಗಿಸಿದ. ಎದುರು ಮಾತಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಡ್ಯೂಟಿ ನಿಂದಂತೆ. ನನ್ನಣ್ಣ ಯಾಕೋ ಹೋದ?" 'ನೀವು' ಉದುರಿಹೋಗಿ 'ನೀನು' ಬಂದದ್ದು ಅವಳಿಗೇ ತಿಳಿಯಲಿಲ್ಲ. "ಹೇಳು! ನೀನೇನ್ ಕಡಿದು ಗುಡ್ಡೆ ಹಾಕ್ತಿದ್ದೆ ಆವಾಗ?"

"ಬೇಡ ರಾಣಿ."

"ಹೇಳ್ದೆ ಇದ್ರೆ ಇಲ್ಲೇ ಕೂಗ್ತೀನಿ."

"ಕೂಗ್ತಾನೇ ಇದ್ದೀಯ," ಎಂದ ಮೆಲ್ಲಗೆ. ಆಮೇಲೆ ಕಾರಿನ ಮೇಲೆ ಕೈಯೂರಿ, ನೆಲ ನೋಡುತ್ತಾ ಹೇಳಿದ. "ಕಾಗದ ಬರೀತಿದ್ದೆ. ನಿಂಗೆ. ಅವತ್ತು ಮಧ್ಯಾಹ್ನ ನಿನ್ ಕಾಗದ ಬಂದಿತ್ತು. ಮನೇಲಿ ಗಂಡು ನೋಡ್ತಿದ್ದಾರೆ, ಬೇಗ ಬರಿ ಅಂತ ನೀನು ಬರ್ದಿದ್ದೆ. ಅಂಚೆ ಚೀಲ ಸಂಜೆ ಹೋಗೋದು. ನನ್ ಟ್ರಿಪ್ಪು ನಾಲ್ಕಕ್ಕೆ. ಲಾರಿ ಮೆಟ್ಲ ಮೇಲೆ ಕೂತು ಬರೀತಿದ್ದೆ. ಯಲ್ಲಪ್ಪ ಬಂದು, ಯಾರ್ಗೋ ಮಗಾ ಅಂದ. ನಮ್ ಕಡೆ ಹುಡ್ಗಿ, ಇವತ್ತೇ ಹೋಗ್ಬೇಕು ಅಂದೆ. ಸರಿ, ಬರಿ, ನಿನ್ ಗಾಡಿ ನಾನ್ ತಗೊಂಡೋಗ್ತೀನಿ, ನಾಳೆ ನಂದು ನೀನ್ ಮಾಡು ಅಂತ ಕೀ ಕಿತ್ಕೊಂಡ."

"ಅದು ನಾನು ಅಂತ ಅವನಿಗೆ ಗೊತ್ತಿತ್ತಾ?" ಎಂದಳು ರಾಣಿ.

"ಗೊತ್ತಿಲ್ಲ. ಹೋಗ್ತಾ ನಕ್ಕ. ಗೊತ್ತಾಗಿ ನಕ್ನೋ, ಸುಮ್ನೆ ನಕ್ನೋ... ಹತ್ತು ವರ್ಷದಿಂದ ಯೋಚ್ನೆ ಮಾಡ್ತಿದ್ದೀನಿ."

ರಸ್ತೆಯಲ್ಲಿ ಬಸ್ಸೊಂದು ಅರಚಿಕೊಂಡು ಹೋಯಿತು. ಅವಳಿಗೆ ತಾನು ಬರೆದ ಆ ಸಾಲು ನೆನಪಾಯಿತು: ಈ ವಾರ ಉತ್ತರ ಬರದಿದ್ದರೆ ನಾನು ಮಾತಾಡಿಸಲ್ಲ. ಹುಡುಗಾಟಕ್ಕೆ ಬರೆದದ್ದು. ಅವಳು ಕಾರಿಗೆ ಒರಗಿದಳು.

"ಇದಕ್ಕೇ ಹೇಳ್ಲಿಲ್ಲ," ಎಂದ ವಾಸು. "ಈ ಭಾರ ನಿನ್ ತಲೆ ಮೇಲೆ ಬರ್ಬಾರ್ದು ಅಂತ. ನಾನೊಬ್ಬನೇ ಹೊತ್ಕೊಂಡ್ರೆ ಸಾಕು ಅನ್ಕೊಂಡೆ."

ಅವಳು ನೆಟ್ಟಗಾದಳು.

"ಅನ್ಕೊಂಡೆ! ನೀನ್ ಅನ್ಕೊಂಡ್ಬಿಟ್ರೆ ಆಯ್ತಾ? ಹೊರಬೇಕೋ ಬೇಡ್ವೋ ಅಂತ ನನ್ನ ಕೇಳಿದ್ಯಾ? ಅಣ್ಣನೂ ಹೋದ, ನೀನೂ ಹೋದೆ. ಅವನಿಗೆ ಶೆಲ್ ಬಿತ್ತು. ನಿಂಗೇನ್ ರೋಗ ಬಂದಿತ್ತು? ನಾನೇನ್ ತಪ್ಪು ಮಾಡ್ದೆ, ನಾನೇನ್ ತಪ್ಪು ಮಾಡ್ದೆ ಅಂತ ಹತ್ತು ವರ್ಷ ಗೋಡೇನ ಕೇಳಿದ್ದೀನಿ ಕಣೋ! ಭಾರ ಇಳಿಸ್ತಾನಂತೆ, ಭಾರ!"

"ಬೇರೆ ಮದುವೆನೂ ಆಗ್ಲಿಲ್ಲ, ನಿನ್ನ ನೋಡ್ದೆ ಇರಕ್ಕೂ ಆಗ್ಲಿಲ್ಲ," ಎಂದ ತೊದಲುತ್ತ. "ಮಿಲಿಟರಿ ಬಿಟ್ಮೇಲೆ ಹೋದ್ವರ್ಷ ಏರ್‌ಪೋರ್ಟ್ ಬಸ್ಸಿಗೆ ಸೇರ್ಕೊಂಡೆ. ಹೆಬ್ಬಾಳದಲ್ಲಿ ದಿನಾ ನಾಲ್ಕು ಸಲ ಹಾಯ್ತೀನಿ. ನಿನ್ನ ಎಲ್ ಬೋರ್ಡ್ ಕಾರು ಕಂಡ್ರೆ ಸ್ಲೋ ಮಾಡ್ತೀನಿ. ಮೊನ್ನೆ ನೀನು ನೀಲಿ ಚೂಡಿದಾರ್ ಹಾಕಿದ್ದೆ. ಪಕ್ಕದಲ್ಲಿದ್ದ ಹೆಂಗಸಿಗೆ ಬೈತಿದ್ದೆ."

"ನೋಡ್ತಿದ್ದೆ!" ಅವಳು ಬಾನೆಟ್ಟಿಗೆ ಧಡ್ ಎಂದು ಗುದ್ದಿದಳು. "ಒಂದು ವರ್ಷ ಪಕ್ಕದಲ್ಲೇ ಬಸ್ ಓಡಿಸ್ಕೊಂಡು ನೋಡ್ತಿದ್ದೆ! ಹಾರ್ನ್ ಹೊಡೆಯಕ್ಕೆ ಕೈ ಬಿದ್ದೋಗಿತ್ತಾ?"

ಕೈ ನೋಯುತ್ತಿತ್ತು. ವಾಸು ಆ ಕೈಯತ್ತ ಕೈ ಚಾಚಿದವನು, ಅರ್ಧಕ್ಕೇ ನಿಲ್ಲಿಸಿದ. ಆ ಅರ್ಧಕ್ಕೆ ನಿಂತ ಕೈ ನೋಡಿ ಅವಳ ಕಣ್ಣು ತುಂಬಿಬಂತು. ಅದು ಕಾಣದಿರಲೆಂದು ಇನ್ನೂ ಜೋರಾಗಿ ಹೇಳಿದಳು: "ಕಾರು ಹತ್ತು. ಅಮ್ಮನ ಹತ್ರ ಬಂದು ಇಷ್ಟನ್ನೂ ಹೇಳು. ಇಲ್ಲಾಂದ್ರೆ ನಿನ್ ಬಸ್ಸಿಗೆ ಅಡ್ಡ ಮಲಗ್ತೀನಿ."

*

ಕಾರನ್ನು ಅವಳೇ ಓಡಿಸಿದಳು. ಗೇರು ಬದಲಿಸುವಾಗೆಲ್ಲ ಅವನ ಕಣ್ಣು ಅವಳ ಕೈಯ ಮೇಲಿರುವುದು ತಿಳಿಯುತ್ತಿತ್ತು. ಜಕ್ಕೂರು ದಾಟುವಾಗ, "ಕ್ಲಚ್ ಚೆನ್ನಾಗಿ ಬಿಡ್ತೀಯ," ಎಂದ.

"ಬಾಯ್ಮುಚ್ಕೊಂಡು ಕೂತ್ಕೋ."

ಗೋಪಾಲಮ್ಮ ಜಗುಲಿಯಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ವಾಸು ಅವಳ ಕಾಲ ಬಳಿ ನೆಲದ ಮೇಲೆ ಕೂತು, ಒಂದೂ ಬಿಡದೆ ಹೇಳಿದ. ಕಾಗದ ಯಾರದೆಂಬುದನ್ನೂ ಹೇಳಿದ. ರಾಣಿ ಕಂಬ ಹಿಡಿದು ನಿಂತಿದ್ದಳು. ಅಮ್ಮ ಈಗ ತನ್ನತ್ತ ನೋಡಿದರೆ ಏನು ಮಾಡಲಿ ಎಂದು ಜೀವ ಹಿಡಿಯಾಗಿತ್ತು.

ಮುದುಕಿ ಮೊರ ಬದಿಗಿಟ್ಟು, ಅವನ ಬೆನ್ನಿಗೆ ರಪ್ಪನೆ ಬಾರಿಸಿದಳು. ಒಂದಲ್ಲ, ನಾಲ್ಕು.

"ನನ್ ಮಗ ಎಂಗ್ ಸತ್ತ ಅಂತ ಪ್ಯಾಪರ್‌ನೋರು ಯೋಳುದ್ರು, ಮಿನಿಸ್ಟ್ರು ಯೋಳುದ್ರು. ಎಂಗೆ ನಕ್ಕೊಂಡಿದ್ದ ಅಂತ ಯೋಳಕ್ಕೆ ನೀನೊಬ್ನೇ ಇದ್ದೆ. ನೀನು ಬರ್ಲಿಲ್ಲ! ಬಡ್ಡೆತ್ತದೆ, ಇಂಗಾ ಮಾಡೋದು?"

ಹೊಡೆದ ಕೈಯಲ್ಲೇ ಅವನ ತಲೆಯನ್ನು ಮಡಿಲಿಗೆಳೆದುಕೊಂಡಳು. ಸೈನ್ಯದಲ್ಲಿ ಹದಿನೈದು ವರ್ಷ ಕಳೆದವನು ಮಗುವಿನಂತೆ ಬಿಕ್ಕಿದ. ಗೋಪಾಲಮ್ಮ ಮಗಳ ಕಡೆ ತಿರುಗಿದಳು.

"ನೀನ್ಯಾಕವ್ವಾ ಕಂಬ ತಬ್ಕೊಂಡು ನಿಂತಿದ್ದೀಯ? ಕಾಗ್ದ ಬರ್ದಿದ್ದು ತೆಪ್ಪಾ? ಗುಂಡಾಕಿದ್ದೋನು ಯಾರೋ, ಇವು ಎಲ್ಡು ತಾವೇ ಪಾಪ ಅಂಚ್ಕೊಂಡು ಕುಂತವೆ." ಮತ್ತೆ ಮೊರ ಎಳೆದುಕೊಂಡಳು. "ಇವತ್ತು ಇವನಿಗೆ ಕಾಪಿ ಇಲ್ಲ. ಸಿಟ್ಟೈತೆ ನಂಗೆ. ಬಾನ್ವಾರ ದೊಡ್ಡೋರ್ನ ಕರ್ಕೊಂಡು ಬರ್ಲಿ, ಆಗ ನೋಡಾನ."

ರಾಣಿ ಅವನನ್ನು ಗೇಟಿನವರೆಗೆ ಬಿಟ್ಟಳು. ಎದುರು ಮನೆಯ ದಾನವ್ವ ಬಟ್ಟೆ ಒಣಹಾಕುವುದನ್ನು ಬಿಟ್ಟು ನೋಡುತ್ತಿದ್ದಳು.

"ಭಾನುವಾರ ಬರ್ಲಾ?" ಎಂದ. ದನಿ ಇನ್ನೂ ಒದ್ದೆಯಾಗಿತ್ತು. "ನಿಂಗೆ ಕೋಪ ಇಳಿದಿದೆ ಅಂದ್ರೆ ಮಾತ್ರ."

"ಇಳಿದಿಲ್ಲ. ಇಳಿಯೋದೂ ಇಲ್ಲ. ಇನ್ನೂ ಹತ್ತು ವರ್ಷ ಬೈಯೋವಷ್ಟು ಇದೆ."

"ಹಾಗಾದ್ರೆ ಮದುವೆ?"

"ಮದುವೆ ಆಗ್ದೆ ಇದ್ರೆ ದಿನಾ ಎಲ್ಲಿ ಹುಡುಕ್ಕೊಂಡು ಬಂದು ಬೈಲಿ ನಿನ್ನ? ಬಸ್‌ಸ್ಟಾಪಲ್ಲಾ?"

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. ಅವಳು ದಾನವ್ವನಿಗೆ ಚೆನ್ನಾಗಿ ಕಾಣುವಂತೆಯೇ ಅವನ ಕೈ ಹಿಡಿದಳು. ಗಟ್ಟಿಯಾಗಿ, ಮೂಳೆ ನೋಯುವಷ್ಟು ಗಟ್ಟಿಯಾಗಿ.

"ಭಾನುವಾರ ಹತ್ತು ಗಂಟೆ," ಎಂದಳು. "ಹತ್ತೂ ಒಂದಾದ್ರೆ ಚಿಕ್ಕಜಾಲಕ್ಕೇ ಬರ್ತೀನಿ, ಜೋಕೆ."