ಕಹಳೆ ಊದದವನ ಮರಿಮೊಮ್ಮಗಳು

"ಇವರ ಮುಖ ಕೆರೆದುಹಾಕಿದ್ದು ಯಾರು?"

ಸೇನಾ ಮ್ಯೂಸಿಯಂನ ತಣ್ಣನೆಯ ಹಾಲ್‌ನಲ್ಲಿ ಆ ಹುಡುಗಿಯ ದನಿ ಗೋಡೆಗೆ ಬಡಿದು ವಾಪಸ್ ಬಂತು. ಅಲ್ಲೇ ಹಾದುಹೋಗುತ್ತಿದ್ದ ಕ್ಯುರೇಟರ್ ಬೆಚ್ಚಿ ನಿಂತ.

ಗೋಡೆಯ ಮೇಲೆ ಬಿಳಿಯರ ಕಾಲದ ಪಲ್ಟನ್ನಿನ ಗುಂಪು ಫೋಟೋ. ಅದರಲ್ಲಿ ಕಹಳೆ ಹಿಡಿದು ಕೂತ ಸಿಪಾಯಿಗೆ ಮಾತ್ರ ಮುಖವಿರಲಿಲ್ಲ. ಯಾರೋ ಮೊಳೆಯಿಂದ ಗೀರಿ ಗೀರಿ ಅಳಿಸಿದ್ದರು. ಕೆಳಗೆ ಅವನ ಹೆಸರಿನ ಮುಂದೆ ಎರಡೇ ಪದ: 'ಹೇಡಿ. ಪರಾರಿ.'

"ನಮ್ಮ ಕೈಗೆ ಬಂದಾಗಲೇ ಹಾಗಿತ್ತು," ಎಂದ ಅವನು ಮೆಲ್ಲಗೆ. "ಇವರು ನಿಮಗೆ...?"

"ಮುತ್ತಜ್ಜ. ಆ ಪದಗಳನ್ನ ಈಗಲೇ ತೆಗೀರಿ!"

"ಹಾಗೆಲ್ಲ ತೆಗೆಯೋಕಾಗಲ್ಲ ಮೇಡಂ. ಪಲ್ಟನ್ನಿನವರು ಬರೆದದ್ದನ್ನೇ ಹಾಕಿದೀವಿ. ಏನಾದ್ರೂ ಆಧಾರ ಇದ್ರೆ ತನ್ನಿ."

"ಹೇಡಿ ಅನ್ನೋಕೆ ನಿಮ್ಮ ಹತ್ರ ಏನು ಆಧಾರ ಇದೆ?"

ಅವನು ಫೋಟೋದ ಕೆಳಗಿನ ಬರಹವನ್ನು ಇನ್ನೊಮ್ಮೆ ಓದಿದ. ಆ ಎರಡು ಪದ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

'ಸಿಕ್ಕಿಬಿದ್ದ!' ಎಂದುಕೊಂಡಳು ಅವಳು. ಆದರೆ ಅವನು ಮುಖ ಕೆಂಪಗೆ ಮಾಡಿಕೊಂಡು ಫೋಟೋದ ಕಡೆ ತಿರುಗಿದಾಗ, ಗೆದ್ದ ಖುಷಿಯೇ ಆಗಲಿಲ್ಲ. ಛೇ, ಇವನ್ಯಾಕೆ ಸರಿಯಾಗಿ ಜಗಳವನ್ನೂ ಆಡುವುದಿಲ್ಲ!

ಅವಳನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಿದ್ದರು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದವಳಿಗೆ ಕಲಿಯಲು ಬಂದವರು ಇಟ್ಟ ಹೆಸರು ಕ್ಲಚ್ ಅಕ್ಕ. ಎದುರಿಗೆ ಲಾರಿ ಬಂದರೂ ಅವಳ ಎದೆ ಅಳುಕುತ್ತಿರಲಿಲ್ಲ.

ಅಂಥವಳ ಮೈ ಉರಿಸಿದ್ದು ಒಂದು ಸಂಬಂಧ. ನೋಡಲು ಬಂದ ಹುಡುಗನ ಸೋದರಮಾವ ಕಾಲ ಮೇಲೆ ಕಾಲು ಹಾಕಿಕೊಂಡು, "ಓಡಿಹೋದವನ ವಂಶ ಅಂತಾರೆ. ಹುಡುಗೀನೂ ಓಡಿಹೋದ್ರೆ ಏನ್ಮಾಡೋದು?" ಎಂದು ನಕ್ಕಿದ್ದ. ಪುಟ್ಟಿ ಎದ್ದುಹೋಗಿ ಅವರ ಚಪ್ಪಲಿಗಳನ್ನೆಲ್ಲ ಬಾಗಿಲ ಹೊರಗೆ, ಬೀದಿಯ ಕಡೆ ಮುಖ ಮಾಡಿ ಜೋಡಿಸಿಟ್ಟು ಬಂದಿದ್ದಳು.

"ಸತ್ತವರನ್ನ ಯಾಕೆ ಕೆದಕ್ತೀಯ?" ಎಂದು, ಅವಳು ಮುತ್ತಜ್ಜನ ಬಗ್ಗೆ ಕೇಳಿದಾಗ ಅಪ್ಪ ಗದರಿದ್ದರು. ಅಜ್ಜಿ ಮಾತ್ರ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದಳು, "ನಾನು ಸೊಸೆಯಾಗಿ ಬಂದಾಗ ಮಾವನವರು ಇನ್ನೂ ಇದ್ರು ಕಣೇ. ಏನು ಕೇಳಿದ್ರೂ ಒಂದೇ ಮಾತು. 'ನಾನು ಊದಲಿಲ್ಲಮ್ಮ.' ಅಷ್ಟೇ."

ಏನನ್ನು ಊದಲಿಲ್ಲ? ಯಾಕೆ ಊದಲಿಲ್ಲ? ಆ ಪ್ರಶ್ನೆಯೇ ಅವಳನ್ನು ಮ್ಯೂಸಿಯಂಗೆ ಎಳೆದು ತಂದಿತ್ತು.

ಮರುದಿನ, ಮ್ಯೂಸಿಯಂನ ಸಂದರ್ಶಕರ ಪುಸ್ತಕದಲ್ಲಿ ಅವಳು ಬರೆದ ವಿಳಾಸ ಹಿಡಿದು, ಡ್ರೈವಿಂಗ್ ಸ್ಕೂಲಿನ ಮುಂದೆ ಕ್ಯುರೇಟರ್ ನಿಂತಿದ್ದ!

"ನೀವು ಕೇಳಿದ್ದಕ್ಕೆ ಉತ್ತರ ಸಿಗದೆ ನಿದ್ದೆ ಬರಲಿಲ್ಲ," ಎಂದ. "ಆ ಪಲ್ಟನ್ ಕೊನೇಲಿ ಬೀಡುಬಿಟ್ಟಿದ್ದ ಊರು ಗೊತ್ತಿದೆ. ಅಲ್ಲಿ ಹಳೇ ಮಾರ್ಕೆಟ್ ಇದೆ, ಹಳಬರೂ ಇದ್ದಾರೆ. ಹೋಗಿ ವಿಚಾರಿಸೋಣ್ವಾ?"

"ನಿಮ್ಮ ಆಫೀಸಲ್ಲಿ ಬೈಯಲ್ವಾ?"

"ರಜ ಹಾಕಿದೀನಿ."

ಪುಟ್ಟಿ ಕಾರಿನ ಬಾಗಿಲು ತೆರೆದಳು. ದಾರಿಯುದ್ದಕ್ಕೂ ಅವನು ಸತ್ತ ಸಿಪಾಯಿಗಳ ಬಗ್ಗೆ ಮನೆಯವರ ಬಗ್ಗೆ ಮಾತಾಡುವಂತೆ ಮಾತಾಡಿದ. ಯಾರಿಗೆ ಬೂಟು ಕಚ್ಚುತ್ತಿತ್ತು, ಯಾರು ಹೊಟ್ಟೆಪಾಡಿಗೆ ವಯಸ್ಸು ಸುಳ್ಳು ಹೇಳಿ ಸೇರಿದ್ದರು... ಅವಳು ಕೇಳುತ್ತ ಕೇಳುತ್ತ ತಿರುವು ತಪ್ಪಿಸಿಕೊಂಡಳು. ಕ್ಲಚ್ ಅಕ್ಕ ದಾರಿ ತಪ್ಪುವುದೆಂದರೇನು!

ಮಾರ್ಕೆಟ್ಟಿನ ಅಂಗಡಿ ಅಂಗಡಿ ಸುತ್ತಿ ಸಾಕಾದಾಗ ಒಬ್ಬರು ಗುಂಡಿ, ಝಿಪ್ ಮಾರುವ ಮುದುಕಮ್ಮನ ಕಡೆ ಕೈ ತೋರಿಸಿದರು. "ಆ ಕಹಳೆಯವನಾ?" ಮುದುಕಮ್ಮ ಕೈಯಲ್ಲಿದ್ದ ಗುಂಡಿಗಳನ್ನು ಕೆಳಗಿಟ್ಟಳು.

"ಸ್ವಾತಂತ್ರ್ಯ ಬೇಕು ಅಂತ ಇದೇ ಮಾರ್ಕೆಟ್ಟಲ್ಲಿ ಜನ ಕೂತಿದ್ರಂತೆ. ಬರಿಗೈ ಜನ. ನಮ್ಮಮ್ಮನೂ ಕೂತಿದ್ಲು, ತುಂಬು ಬಸುರಿ. ಸಿಪಾಯಿಗಳು ಬಂದೂಕು ಏರಿಸಿ ನಿಂತ್ರು. ಕಹಳೆ ಊದಿದ್ರೆ ಗುಂಡು ಹಾರಿಸ್ಬೇಕು. ಬಿಳಿ ಸಾಹೇಬ 'ಊದು' ಅಂದ. ಇವನು ಊದಲಿಲ್ಲ. ಇನ್ನೊಂದ್ಸಲ ಕಿರುಚಿದ. ಇವನು ಕಹಳೇನ ಸಾಹೇಬನ ಕಾಲ ಹತ್ರ ಇಟ್ಟು, ಸಾಲು ಬಿಟ್ಟು ನಡೆದೇಬಿಟ್ಟ! ಸಿಪಾಯಿಗಳೆಲ್ಲ ಅವನನ್ನೇ ನೋಡ್ತಾ ನಿಂತ್ರು. ಆ ಗಲಿಬಿಲಿಯಲ್ಲಿ ಜನ ಸಂದಿಗೊಂದಿ ಸೇರ್ಕೊಂಡ್ರು, ಅವನೂ ಯಾರ ಕೈಗೂ ಸಿಗಲಿಲ್ಲ. ಹಿಂದೇನೇ ಗುಂಡು ಹಾರಿತಂತೆ, ಜನ ಎದ್ದುಹೋದ ಖಾಲಿ ಕಲ್ಲುಹಾಸಿನ ಮೇಲೆ."

ಪುಟ್ಟಿ ತಿರುಗಿ ಮಾರ್ಕೆಟ್ಟಿನ ಕಲ್ಲುಹಾಸನ್ನು ನೋಡಿದಳು.

"ಆಮೇಲೆ ಹುಟ್ಟಿದವಳು ನಾನು," ಎಂದಳು ಮುದುಕಮ್ಮ.

ವಾಪಸ್ ಬರುವಾಗ ಪುಟ್ಟಿ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಸುಮ್ಮನೆ ಕರ್ಚೀಫು ಚಾಚಿದ. ಅದನ್ನು ತೆಗೆದುಕೊಳ್ಳುವಾಗ ಬೆರಳು ತಾಕಿತು... ಇಬ್ಬರೂ ಕೈ ಹಿಂತೆಗೆಯಲಿಲ್ಲ.

ಆಮೇಲಿನ ದಿನಗಳಲ್ಲಿ ಫೋನು, ಟೀ, ಕಾರಣವಿಲ್ಲದ ಭೇಟಿಗಳು. ಅಜ್ಜಿ, "ಆ ಹುಡುಗ ಸತ್ತವರ ವಿಷಯ ಮಾತಾಡೋಕೇ ದಿನಾ ಫೋನ್ ಮಾಡ್ತಾನೇನೇ?" ಎಂದು ಕಾಲೆಳೆಯುತ್ತಿದ್ದಳು.

ಮ್ಯೂಸಿಯಂನಲ್ಲಿ ಸಿಪಾಯಿಗಳ ಕುಟುಂಬದವರಿಗಾಗಿ ಹೊಸ ಹಾಲ್ ತೆರೆಯುವುದಿತ್ತು. ಉದ್ಘಾಟನೆಯ ಹಿಂದಿನ ದಿನ ಪುಟ್ಟಿ ಅಲ್ಲಿಗೆ ಹೋದಳು. ಅದೇ ಫೋಟೋ, ಕೆಳಗೆ ಹೊಸ ಫಲಕ: 'ಸೇವೆಯಲ್ಲಿದ್ದಾಗ ಕಾಣೆಯಾದ ವೀರ.'

"ಇದೇನಿದು?"

"ಹೇಡಿ ಅನ್ನೋದು ಹೋಯ್ತಲ್ಲ..." ಅವನು ನಗಲು ನೋಡಿದ. "ನಿಜ ಬರೆದ್ರೆ ಮ್ಯೂಸಿಯಂ ಅಧ್ಯಕ್ಷರು ಒಪ್ಪಲ್ಲ. ಅವರು ನಿವೃತ್ತ ಸೇನಾಧಿಕಾರಿ. 'ಅಪ್ಪಣೆ ಮೀರಿದವನನ್ನ ಹೊಗಳ್ಬೇಕಾ?' ಅಂತಾರೆ. ಇದಕ್ಕಾದ್ರೂ ಒಪ್ಪಿಸಿದೆ. ನಿಮಗೆ ಸಮಾಧಾನ ಆಗುತ್ತೆ ಅಂದ್ಕೊಂಡೆ."

"ಅವರು ಕಾಣೆಯಾಗಲಿಲ್ಲ! ಎಲ್ಲರಿಗೂ ಕಾಣೋ ಹಾಗೆ ನಡ್ಕೊಂಡು ಹೋದ್ರು!"

"ಸ್ವಲ್ಪ ಕೇಳಿ..."

"ಆ ಮುದುಕಮ್ಮನ ಮುಂದೆ ನೀವೂ ಕೂತಿದ್ರಿ ಅಲ್ವಾ? ಎಲ್ಲಾ ಕೇಳಿಸ್ಕೊಂಡು ಬಂದು ಇದನ್ನ ಬರೆದ್ರಾ? ಅವತ್ತು ಮುಖ ಕೆರೆದವನು ಮೊಳೆ ಹಿಡಿದಿದ್ದ. ನೀವು ಪೆನ್ನು ಹಿಡಿದಿದ್ದೀರಿ."

ಅವನ ಮುಖದ ಬಣ್ಣ ಇಳಿಯಿತು. ಪುಟ್ಟಿ ತಿರುಗಿ ನೋಡದೆ ಹೊರನಡೆದಳು. ತಿರುಗಿದ್ದರೆ ತನ್ನ ಕಣ್ಣೀರು ಅವನಿಗೆ ಕಾಣುತ್ತಿತ್ತು.

"ಹೋಗ್ಲಿ ಬಿಡೇ, ವೀರ ಅಂತಾದ್ರೂ ಬರೆದಿದ್ದಾರಲ್ಲ," ಎಂದರು ಮನೆಯಲ್ಲಿ ವಿಷಯ ಕೇಳಿದ ಅಪ್ಪ.

"ಬಿಳಿಯರ ಪಲ್ಟನ್ನಿನ ವೀರ ಅನ್ನಿಸ್ಕೊಳ್ಳೋಕೆ ಮುತ್ತಜ್ಜ ಒಪ್ತಿದ್ರಾ ಅಪ್ಪಾ? ಹಾಗಿದ್ರೆ ಊದಿಬಿಡ್ತಿದ್ರು."

ಅಜ್ಜಿ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಕೊಡವುತ್ತ ಹೇಳಿದಳು, "ನಾಳೆ ನಾನೂ ಬರ್ತೀನಿ."

ಉದ್ಘಾಟನೆಗೆ ಹಾಲ್ ಕಿಕ್ಕಿರಿದಿತ್ತು. ಅಧ್ಯಕ್ಷರು ಗಂಭೀರವಾಗಿ, "ಕಾಣೆಯಾದ ನಮ್ಮ ಈ ವೀರ..." ಎನ್ನುತ್ತಿದ್ದಂತೆ ಪುಟ್ಟಿ ಎದ್ದು ನಿಂತಳು.

"ಅದು ಸುಳ್ಳು ಸರ್. ಬರಿಗೈ ಜನರ ಮೇಲೆ ಗುಂಡು ಹಾರಿಸೋಕೆ ಕಹಳೆ ಊದು ಅಂದ್ರು. ನನ್ನ ಮುತ್ತಜ್ಜ ಊದಲಿಲ್ಲ. ಸೈನ್ಯ ಬಿಟ್ಟು ಹೋದ್ರು. ಹೋಗಿದ್ದು ನಿಜ, ಹೋಗಿದ್ದು ಸರಿ!"

"ಕೂತ್ಕೊಳ್ಳಮ್ಮ. ಇದಕ್ಕೆಲ್ಲ ಸಾಕ್ಷಿ ಎಲ್ಲಿದೆ?"

"ಇಲ್ಲಿದೆ."

ಬಾಗಿಲ ಹತ್ತಿರ ಕ್ಯುರೇಟರ್ ನಿಂತಿದ್ದ, ಬೆಳಗಿನ ಬಸ್ಸಿನ ಧೂಳಿನಲ್ಲಿ. ಅವನ ತೋಳು ಹಿಡಿದುಕೊಂಡು ಗುಂಡಿ ಅಂಗಡಿಯ ಮುದುಕಮ್ಮ!

"ಆ ಫಲಕ ಬರೆದವನು ನಾನೇ," ಎಂದ ಅವನು ಎಲ್ಲರಿಗೂ ಕೇಳುವಂತೆ. "ಕೆಲಸ ಹೋಗುತ್ತೆ ಅಂತ ಹೆದರಿ ಸುಳ್ಳು ಬರೆದೆ." ನೇರವಾಗಿ ನಡೆದು ಬಂದು, ಎಲ್ಲರ ಮುಂದೆ ಫಲಕವನ್ನು ಗೋಡೆಯಿಂದ ಕಿತ್ತ.

ಅಧ್ಯಕ್ಷರು ಏನೋ ಕೂಗಿದರು. ಯಾರಿಗೂ ಕೇಳಿಸಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಆ ಇಬ್ಬರು ಹೆಂಗಸರನ್ನು. ಮುದುಕಮ್ಮ ಅಜ್ಜಿಯ ಎರಡೂ ಕೈ ಹಿಡಿದುಕೊಂಡಿದ್ದಳು.

"ನಿಮ್ಮ ಮಾವನವರು ಅವತ್ತು ಊದಿದ್ರೆ ನಾನಿಲ್ಲ. ನನ್ನ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ."

"ಇದನ್ನ ಅವರು ಕೇಳಿಸ್ಕೊಳ್ಬೇಕಿತ್ತು..." ಎಂದಳು ಅಜ್ಜಿ. ಇಬ್ಬರೂ ಅತ್ತರು. ಹಿಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತಿದ್ದರು. ಅವರು ಯಾವಾಗ ಬಂದರೋ ಪುಟ್ಟಿಗೆ ಗೊತ್ತೇ ಆಗಿರಲಿಲ್ಲ.

ಅಧ್ಯಕ್ಷರು ಮಣಿಯಲಿಲ್ಲ. ಹೊಸ ಫಲಕದ ವಿಷಯ ಸಮಿತಿಗೆ ಬಿಟ್ಟಿದ್ದು ಎಂದು ಹೇಳಿ, ಕ್ಯುರೇಟರನ್ನು ಅಲ್ಲೇ ಅಮಾನತು ಮಾಡಿ ಹೊರಟುಹೋದರು. ಆದರೂ ಸಂಜೆಯವರೆಗೆ ಜನ ಆ ಫೋಟೋದ ಮುಂದೆಯೇ ನಿಂತಿದ್ದರು. ಬಂದವರಿಗೆಲ್ಲ ಮುದುಕಮ್ಮ ಕುರ್ಚಿ ಹಾಕಿಕೊಂಡು ಕಥೆ ಹೇಳಿದಳು.

ಪುಟ್ಟಿ ಹೊರಗೆ ಬಂದಾಗ ಅವನು ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಕೂತಳು.

"ಕೆಲಸ ಹೋದ್ರೆ?"

"ಹೋಗ್ಲಿ. ಇನ್ನೊಂದು ಹುಡುಕ್ತೀನಿ. ನಿಮ್ಮ ಕಣ್ಣಲ್ಲಿ ಸಣ್ಣವನಾಗಿ ಬದುಕೋದಿದೆಯಲ್ಲ... ಅದು ಆಗ್ತಿರಲಿಲ್ಲ." ಅವನು ಉಸಿರೆಳೆದುಕೊಂಡ. "ಇದು ಹೇಳೋ ಸಮಯ ಅಲ್ಲ. ಆದ್ರೂ ಹೇಳ್ತೀನಿ. ನೀವಂದ್ರೆ ನನಗೆ ಪ್ರಾಣ."

ಅವಳ ಎದೆ ನಗಾರಿಯಂತೆ ಹೊಡೆದುಕೊಂಡಿತು. ಲಾರಿಗೆ ಹೆದರದ ಎದೆ!

"ಪ್ರಾಣ ಅಂತೀರಿ, 'ನೀವು' ಅಂತೀರಿ. ಹಾಗೆಲ್ಲ ಯಾರಾದ್ರೂ ಪ್ರೀತಿ ಮಾಡ್ತಾರಾ?"

ಅವನು ಗಲಿಬಿಲಿಗೊಂಡು ಅವಳನ್ನೇ ನೋಡಿದ. ಆಮೇಲೆ ಅರ್ಥವಾಗಿ ಮುಖವೆಲ್ಲ ಬೆಳಗಿತು.

"ಹಾಗಾದ್ರೆ... ನೀನು?"

"ಹ್ಞೂಂ. ಇನ್ನೊಂದ್ಸಲ ಅನ್ನು."

"ನೀನು."

ಪುಟ್ಟಿ ಅವನ ಭುಜಕ್ಕೆ ತಲೆಯಾನಿಸಿದಳು. "ನನಗೂ ಪ್ರಾಣ, ನೀನು," ಎಂದಳು.