ಕಸರತ್ತು ಮೇಷ್ಟ್ರು ಕೈಬಿಟ್ಟ ದಿನ

ಈಗ ಆ ಕಟ್ಟಡದಲ್ಲಿ ಕನ್ನಡಕದ ಅಂಗಡಿ ಇದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅಲ್ಲಿ ಹಿಂದೆ ಬೆನ್ನುನೋವಿನ ಕ್ಲಿನಿಕ್ ಇತ್ತು ಎಂಬುದು ಊರಿಗೆ ಮರೆತುಹೋಗಿದೆ, ನನಗೆ ಮರೆತಿಲ್ಲ.

ಮೊದಲ ಸಲ ಆ ಮೆಟ್ಟಿಲು ಹತ್ತಿದಾಗ ನಾನು ಅರ್ಧ ಮಡಚಿದ ಕುರ್ಚಿಯ ಹಾಗಿದ್ದೆ. ಸಿಟಿ ಬಸ್ ಓಡಿಸುವವಳು ನಾನು. ರಸ್ತೆಯ ಗುಂಡಿಗಳನ್ನೆಲ್ಲ ವರ್ಷಗಟ್ಟಲೆ ಸೊಂಟಕ್ಕೆ ಇಳಿಸಿಕೊಂಡು, ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವಳು ಹಾಗೇ ನಿಂತುಬಿಟ್ಟೆ. ಡಿಪೋದವರು ರಜೆ ಕೊಟ್ಟು, ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ರಜೆ ಮುಗಿದ ದಿನ ಫಿಟ್‌ನೆಸ್ ಪರೀಕ್ಷೆ. ಪಾಸಾದರೆ ಸ್ಟೇರಿಂಗ್, ಇಲ್ಲದಿದ್ದರೆ ಬಸ್ ಪಾಸ್ ಕೊಡುವ ಕೌಂಟರಿನಲ್ಲೇ ಮುಂದಿನ ಬಾಳು. ಅಷ್ಟು ದೊಡ್ಡ ಗಾಡಿಯನ್ನು ಇಕ್ಕಟ್ಟಿನ ತಿರುವಿನಲ್ಲಿ ನಯವಾಗಿ ಹೊರಳಿಸುವ ಸುಖ ಒಂದನ್ನು ಬಿಟ್ಟರೆ ನನಗೆ ಆಗ ಬೇರೆ ಆಸೆಗಳೇ ಇರಲಿಲ್ಲ.

ಕ್ಲಿನಿಕ್ಕಿನ ಒಳಕೋಣೆಯಲ್ಲಿ ಒಬ್ಬ ನೆಲದ ಮೇಲೆ ಅಂಬೆಗಾಲಿನಲ್ಲಿದ್ದ. ಒಂದು ಕೈ ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಅಲ್ಲಾಡದೆ ನಿಂತಿದ್ದ. ನಾನು ಬಾಗಿಲಲ್ಲೇ ನಿಂತು ಕೇಳಿದೆ.

"ಪಾಪ, ನಿಮಗೂ ಹಿಡ್ಕೊಂಡ್ಬಿಟ್ಟಿದೆಯಾ? ಯಾರನ್ನಾದ್ರೂ ಕರೀಲಾ?"

ಅವನು ಮೆಲ್ಲಗೆ ಕೈಕಾಲು ಇಳಿಸಿ ಎದ್ದು ನಿಂತ. ನಗು ತಡೆಯಲು ಹೋಗಿ ಕಿವಿಯವರೆಗೂ ಕೆಂಪಾಗಿದ್ದ.

"ಇಲ್ಲ ಮೇಡಂ, ನಾನು ಇಲ್ಲಿ ಇದನ್ನೇ ಕಲಿಸೋನು. ನಾಳೆಯಿಂದ ನೀವೂ ಹೀಗೇ ನಿಲ್ತೀರಿ."

ಅವತ್ತೇ ಅವನಿಗೆ ಕಸರತ್ತು ಮೇಷ್ಟ್ರು ಎಂದು ಹೆಸರಿಟ್ಟೆ.

ಕ್ಲಿನಿಕ್ ನಡೆಸುತ್ತಿದ್ದವರು ವಯಸ್ಸಾದ ಡಾಕ್ಟರಮ್ಮ, ಕೈರೋಪ್ರಾಕ್ಟರ್, ಅಂದರೆ ಬೆನ್ನುಮೂಳೆಯನ್ನು ಕೈಯಿಂದಲೇ ಒತ್ತಿ ಸರಿಮಾಡುವವರು. ಬೆನ್ನುಮೂಳೆಯ ಮೇಲೆ ಬೆರಳು ಹರಿಸುತ್ತ ಹೋಗಿ, ನಾನು ಉಸಿರು ಬಿಡುವ ಹೊತ್ತು ನೋಡಿಕೊಂಡು ಲಟಕ್ ಎಂದು ಒತ್ತುತ್ತಿದ್ದರು. ಮೊದಲ ಸಲ ಜೀವವೇ ಹೋಯಿತು ಅಂದುಕೊಂಡೆ, ಹೋದದ್ದು ಬಿಗಿತ ಮಾತ್ರ.

"ಇಷ್ಟಕ್ಕೇ ಕುಣೀಬೇಡ," ಎಂದರು. "ನಾನು ಬಿಗಿದಿದ್ದನ್ನ ಸಡಿಲ ಮಾಡ್ತೀನಿ, ಅಷ್ಟೇ. ಅದು ಮತ್ತೆ ಬಿಗೀದೆ ಇರ್ಬೇಕಾದ್ರೆ ಬಿಸಿ ಶಾಖ ಬೇಕು, ಕಸರತ್ತು ಬೇಕು, ಹೊಟ್ಟೆಗೂ ಸರಿಯಾಗಿ ಬೀಳ್ಬೇಕು. ಒಂದು ತಪ್ಪಿಸಿದ್ರೂ ನನ್ನ ಹತ್ರ ಬರ್ಬೇಡ."

ಹಾಗಾಗಿ ಡಾಕ್ಟರಮ್ಮನ ಕೈಯಿಂದ ಶಾಖದ ಕೋಣೆಗೆ. ಅಲ್ಲಿ ಒಬ್ಬ ಅಕ್ಕ ಸೊಂಟಕ್ಕೆ ಬಿಸಿ ಪ್ಯಾಕ್ ಇಟ್ಟು, ಮೇಲೆ ಸಣ್ಣ ಕರೆಂಟಿನ ಪ್ಯಾಡುಗಳನ್ನು ಅಂಟಿಸುತ್ತಿದ್ದಳು. ಬೆನ್ನ ಮೇಲೆ ಇರುವೆ ಸಾಲು ಹೊರಟ ಹಾಗಾಗಿ ಹಿತವಾಗಿ ನಿದ್ದೆ ಬರುತ್ತಿತ್ತು. ಆ ನಿದ್ದೆ ಕೆಡಿಸಲಿಕ್ಕೆಂದೇ ಪಕ್ಕದ ಕೋಣೆಯಲ್ಲಿ ಮೇಷ್ಟ್ರು ಕಾದಿರುತ್ತಿದ್ದ. ಊಟದ ವಿಚಾರಣೆಯೂ ಅವನದೇ.

"ಬೆಳಿಗ್ಗೆ ಏನ್ ತಿಂದ್ರಿ?"

"ಟೀ."

"ತಿಂದಿದ್ದು ಕೇಳ್ದೆ."

"ಬಿಸ್ಕತ್ತು."

"ಮಧ್ಯಾಹ್ನ?"

"ಉಳಿದ ಬಿಸ್ಕತ್ತು."

ಅವನು ಕಣ್ಣು ಮುಚ್ಚಿ ತೆರೆದ. "ಮೇಡಂ, ನಿಮ್ಮ ಬಸ್ಸಿಗೆ ಡೀಸೆಲ್ ಬದ್ಲು ಸೀಮೆಎಣ್ಣೆ ಹಾಕ್ತೀರಾ? ಮೊಟ್ಟೆ, ಕಾಳು, ಸೊಪ್ಪು, ಹಾಲು, ಏನಾದ್ರೂ ತಿನ್ನಿ. ಸ್ನಾಯು ಬೆಳೀಬೇಕಲ್ಲ. ನಾನು ಮಾಡಿಸೋ ಕಸರತ್ತೆಲ್ಲ ನೀರಲ್ಲಿ ಹೋಮ ಆಗ್ತಿದೆ."

ಅಷ್ಟು ಅಕ್ಕರೆಯಿಂದ ನನಗೆ ಯಾರೂ ಬೈದಿರಲಿಲ್ಲ. ಮಾರನೆಯ ದಿನ ಎರಡು ಮೊಟ್ಟೆ ತಿಂದು ಹೋಗಿ, ಅವನು ಕೇಳುವ ಮೊದಲೇ ಹೇಳಿದೆ. ಅವನ ಮುಖ ನೋಡಬೇಕಿತ್ತು. ಆ ಮೊಟ್ಟೆ ತಾನೇ ಇಟ್ಟವನ ಹಾಗೆ ಬೀಗಿದ.

ಕಸರತ್ತಿನ ಕೋಣೆಯ ಒಂದು ಗೋಡೆಗೆ ಪೂರ್ತಿ ಕನ್ನಡಿ. ನಾನು ಮೊಣಕಾಲು ಮಡಚಿ ಮಲಗಿ ಸೊಂಟ ಎತ್ತುವಾಗ ಅವನು ಕನ್ನಡಿಯಲ್ಲಿ ನನ್ನ ಬೆನ್ನು ನೋಡಬೇಕು. ನೋಡುತ್ತಿದ್ದದ್ದು ಮುಖವನ್ನು. ಸಿಕ್ಕಿಬಿದ್ದೆ ಎಂದು ಗೊತ್ತಾದ ಕೂಡಲೇ ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರವನ್ನು ಜನ್ಮದಲ್ಲಿ ಕಂಡೇ ಇಲ್ಲದವನಂತೆ ದಿಟ್ಟಿಸುತ್ತಿದ್ದ. ನಾನು ಬೇಕೆಂದೇ ಎಣಿಕೆ ತಪ್ಪಿಸುತ್ತಿದ್ದೆ. ಅವನೂ ಬೇಕೆಂದೇ ಮತ್ತೆ ಒಂದರಿಂದ ಶುರು ಮಾಡಿಸುತ್ತಿದ್ದ.

ಮನೆಯಲ್ಲಿ ಅತ್ತಿಗೆಯ ಕಣ್ಣು ತಪ್ಪಿಸುವುದು ಸುಲಭವಲ್ಲ.

"ಬೆನ್ನು ತೋರಿಸೋಕೆ ಹೋಗೋರು ಕಾಡಿಗೆ ಯಾಕೆ ಹಚ್ಕೋತಾರೆ?" ಎಂದಳು.

"ಬಿಸಿಲಿಗೆ."

"ಓಹೋ, ಬಿಸಿಲಿಗಾ. ಆ ಬಿಸಿಲಿನ ಎತ್ತರ ಎಷ್ಟು?"

ಸುಳ್ಳು ಹೇಳಲಾರೆ, ಆ ದಿನಗಳಲ್ಲಿ ನಾನು ನೋವಿಗೆ ಋಣಿಯಾಗಿದ್ದೆ.

ಜಗಳವಾದದ್ದು ನೀರಿಗೆ. ಕಸರತ್ತಿನ ನಡುವೆ ನನ್ನ ಮೀನಖಂಡ ಹಿಡಿದುಕೊಂಡಿತು. ಅವನು ಕಾಲು ಚಾಚಿಸಿ, ನೀವಿ, ನೋವು ಇಳಿದ ಮೇಲೆ ಕೇಳಿದ.

"ನೀರು ಕುಡೀತಿಲ್ಲ ಅಲ್ವಾ?"

"ಕುಡೀತೀನಿ."

"ಸುಳ್ಳು. ಇಷ್ಟು ಸಲ ಹೇಳಿದೀನಿ. ಒಂದು ಬಾಟಲಿ ನೀರು ಕುಡಿಯೋಕೆ ಏನು ಕಷ್ಟ ನಿಮಗೆ?"

ನನಗೆ ಎಲ್ಲಿತ್ತೋ ಸಿಟ್ಟು. "ಕುಡಿದು ಎಲ್ಲಿಗೆ ಹೋಗ್ಲಿ ಮೇಷ್ಟ್ರೇ? ಗಂಡಸ್ರು ಗಾಡಿ ನಿಲ್ಸಿ ಗೋಡೆ ಪಕ್ಕ ನಿಂತ್ಕೋತಾರೆ. ನನ್ನ ರೂಟಲ್ಲಿ ಈ ತುದಿಯಿಂದ ಆ ತುದಿವರೆಗೆ ಹೆಂಗಸ್ರಿಗೆ ಒಂದು ಟಾಯ್ಲೆಟ್ ಇಲ್ಲ. ಮನೆಯಿಂದ ಹೊರಡೋಕೆ ಮುಂಚೆ ನೀರು ನಿಲ್ಲಿಸಿ ನಿಲ್ಲಿಸಿ, ಈಗ ರಜೆಯಲ್ಲೂ ಬಾಯಾರಿಕೆ ಆಗಲ್ಲ. ಇದಕ್ಕೆ ಯಾವ ಕಸರತ್ತಿದೆ, ಹೇಳಿ."

ಅವನು ನನ್ನ ಚಪ್ಪಲಿಗಳನ್ನು ಕಾಲಿಗೆ ಸಿಗುವ ಹಾಗೆ ಸರಿಸಿಟ್ಟು, ಹೊರಗೆ ಹೋದ.

ಮರುದಿನ ಕೋಣೆಯಲ್ಲಿ ಮೇಷ್ಟ್ರು ಇರಲಿಲ್ಲ. ಶಾಖದ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು.

"ಇನ್ಮೇಲೆ ನಿನ್ನ ಕಸರತ್ತು ನನ್ನ ಹತ್ರ. ಅವನೇ ಡಾಕ್ಟರಮ್ಮನಿಗೆ ಹೇಳಿ ಬಿಟ್ಕೊಟ್ಟ."

"ಯಾಕಂತೆ?"

"ನೀನೇ ಕೇಳ್ಕೊ. ಈಗ ಸೊಂಟ ಎತ್ತು."

ನಾನು ಕೇಳಲಿಲ್ಲ. ಅವನು ನೋಡಿಕೊಳ್ಳುತ್ತಿದ್ದವರ ಸಾಲಿನಲ್ಲಿ ಬಾಯಿ ಜೋರಿನವಳು ಬೇಡವಾದಳು ಎಂದುಕೊಂಡೆ. ಮಧ್ಯಾಹ್ನಗಳಲ್ಲಿ ಅವನು ಕ್ಲಿನಿಕ್ಕಿನಲ್ಲೇ ಕಾಣುತ್ತಿರಲಿಲ್ಲ, ಎದುರಾದರೂ ತಲೆ ತಗ್ಗಿಸಿ ಸರಿದುಹೋಗುತ್ತಿದ್ದ. ನನಗೆ ತುಂಬಾ ನೋವಾಯಿತು. ಕಾಡಿಗೆ ಹಚ್ಚುವುದು ಬಿಟ್ಟೆ. ಅತ್ತಿಗೆ ನೋಡಿದಳು, ತಮಾಷೆ ಮಾಡಲಿಲ್ಲ.

ಅಕ್ಕ ಮಾತ್ರ ಬೆವರಿಳಿಸಿದಳು. ಅವನು ಹೂವಿನ ಹಾಗೆ ಮಾಡಿಸುತ್ತಿದ್ದ ಕಸರತ್ತುಗಳ ಮೇಲೆ ತೂಕ ಹೇರಿದಳು. ಗಂಟೆಗಟ್ಟಲೆ ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿದಳು. ಡಿಪೋದ ಪರೀಕ್ಷೆಗೆ ಹೋದಾಗ ನನ್ನ ಬೆನ್ನು ಕೇಳಿದ್ದನ್ನೆಲ್ಲ ಮಾಡಿತು. ಸ್ಟೇರಿಂಗ್ ನನ್ನದಾಯಿತು, ಮನಸ್ಸು ಮಾತ್ರ ಯಾಕೋ ಕುಣಿಯಲಿಲ್ಲ.

ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ, ಕೊನೆಯ ಸ್ಟಾಪಿನಲ್ಲಿ ಬಸ್ ನಿಲ್ಲಿಸಿ ಇಳಿದಿದ್ದೆ. ಎದುರಿನ ಟೈಲರ್ ಅಂಗಡಿಯ ಹೆಂಗಸು ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದಳು.

"ನೀವೇನಾ ಬೆನ್ನುನೋವಿನ ಡ್ರೈವರಮ್ಮ? ಹಿಂದುಗಡೆ ನಮ್ಮ ಟಾಯ್ಲೆಟ್ ಇದೆ. ಯಾವಾಗ ಬೇಕಾದ್ರೂ ಬನ್ನಿ, ಸಂಕೋಚ ಬೇಡ."

"ನಿಮಗೆ ಯಾರು ಹೇಳಿದ್ದು?"

"ಒಬ್ಬ ಬಂದಿದ್ದನಲ್ಲ, ಎತ್ತರದ ಹುಡುಗ. ಹೆಂಗಸ್ರ ಟಾಯ್ಲೆಟ್ ಎಲ್ಲಿದೆ ಅಂತ ಅಂಗಡಿ ಅಂಗಡಿ ಕೇಳ್ತಿದ್ದ. ನಾನು ಮೊದ್ಲು ಕತ್ರಿ ತೋರ್ಸಿ ಓಡ್ಸಿದೆ. ಮಾರನೇ ದಿನ ಮತ್ತೆ ಬಂದು, ದೂರದಲ್ಲೇ ನಿಂತು ಎಲ್ಲಾ ಹೇಳ್ದ. ದಾರಿಯಲ್ಲಿ ಲೈಬ್ರರಿಯವರನ್ನೂ ಒಪ್ಸಿದಾನಂತೆ, ಬೇಕರಿಯವರನ್ನೂ."

ನಾನು ಅವಳ ಅಂಗಡಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಅವಳು ನೀರು ಕೊಟ್ಟಳು, ಪೂರ್ತಿ ಲೋಟ ಕುಡಿದೆ.

ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಕ್ಲಿನಿಕ್ಕಿಗೆ ಹೋದೆ. ಅವನು ಕಸರತ್ತಿನ ಚಾಪೆಗಳನ್ನು ಸುತ್ತಿಡುತ್ತಿದ್ದ. ನನ್ನನ್ನು ಕಂಡು ಒಂದನ್ನು ಕೈಯಿಂದ ಬಿಟ್ಟ. ಅದು ಬಿಚ್ಚಿಕೊಂಡು ನನ್ನ ಕಾಲಬುಡದವರೆಗೂ ಬಂತು.

"ನನಗೋಸ್ಕರ ಊರೆಲ್ಲ ಬೈಸ್ಕೊಂಡು ಬಂದೋರು, ನನ್ನನ್ನ ಯಾಕೆ ಬಿಟ್ಕೊಟ್ರಿ?"

ಅವನು ಚಾಪೆಯನ್ನು ಎತ್ತಿಕೊಳ್ಳಲಿಲ್ಲ. ಅದನ್ನೇ ನೋಡುತ್ತ ಹೇಳಿದ. "ನೀವು ತೂಕ ಎತ್ತೋ ಕಸರತ್ತಿಗೆ ರೆಡಿಯಾಗಿದ್ರಿ. ನಾನು ಇನ್ನೊಂದು ವಾರ ಹೋಗ್ಲಿ ಅಂದೆ. ಆ ವಾರ ಆದ್ಮೇಲೂ ಇನ್ನೊಂದು ವಾರ ಅಂದೆ. ನಿಮ್ಮ ಬೆನ್ನಿಗೆ ಅದು ಬೇಕಿರಲಿಲ್ಲ, ನನಗೆ ಬೇಕಿತ್ತು. ನೀವು ಗುಣ ಆದ್ರೆ ಬರೋದು ನಿಲ್ಲಿಸ್ತೀರಿ ಅಂತ ಭಯ. ಹೀಗೇ ಬಿಟ್ಟಿದ್ರೆ ಪರೀಕ್ಷೆ ಕೈತಪ್ಪಿ ಹೋಗ್ತಿತ್ತು. ನಿಮ್ಮ ಸ್ಟೇರಿಂಗ್ ಕಿತ್ಕೊಂಡು ನಾನೇನು ಸುಖ ಪಡಲಿ? ಅದಕ್ಕೇ ಡಾಕ್ಟರಮ್ಮನ ಹತ್ರ ಹೋಗಿ, ನನ್ನ ಕೈ ಮೋಸ ಮಾಡ್ತಿದೆ, ಅಕ್ಕನಿಗೆ ಕೊಡಿ ಅಂದೆ."

ಒಳಗಿನ ಕೋಣೆಯಿಂದ ಡಾಕ್ಟರಮ್ಮ ಸುಮ್ಮಸುಮ್ಮನೆ ಕೆಮ್ಮಿದರು.

ಪ್ರೀತಿಸುತ್ತೇನೆ ಎಂದು ಹೇಳಿದವರನ್ನು ಕಂಡಿದ್ದೇನೆ. ನಾನು ಗುಣವಾಗಲಿ ಎಂದು ನನ್ನನ್ನೇ ಬಿಟ್ಟುಕೊಟ್ಟವನು ಇವನೊಬ್ಬನೇ.

"ಪರೀಕ್ಷೆ ಮುಗೀತಲ್ಲ ಮೇಷ್ಟ್ರೇ," ಎಂದೆ. "ನಾನೀಗ ಯಾರ ಪೇಷಂಟೂ ಅಲ್ಲ. ಇನ್ನಾದ್ರೂ ಇನ್ನೊಂದು ವಾರ ಅನ್ಬಹುದು."

ಅವನು ತಲೆಯೆತ್ತಿದ. ಈ ಸಲ ಕನ್ನಡಿಯಲ್ಲಲ್ಲ, ನನ್ನನ್ನೇ ನೋಡಿದ.

"ವಾರ ಸಾಕಾಗಲ್ಲ," ಎಂದ.